ಎಂ.ಬಿ. ಪುಟ, 30 ಮೀಟರಿನ ಟೇಪು

ಪುಣೆಯ ನಮ್ಮ ಸೊಸೈಟಿ ಎದುರಿನ ರಸ್ತೆ ರಾಜ್ಯ ಸರ್ಕಾರದ್ದು, ಪಾಲಿಕೆಯದ್ದಲ್ಲ. ಇಷ್ಟು ತಿಳಿಯಲಿಕ್ಕೇ ಎರಡು ಕಚೇರಿ ಸುತ್ತಬೇಕಾಯಿತು. ಹೋದ ವರ್ಷ ರಸ್ತೆ ಪಕ್ಕ ಪೇವರ್ ಬ್ಲಾಕ್ ಹಾಕುತ್ತಾ ಬಂದವರು ಹಾಲಿನ ಡೈರಿ ಹತ್ತಿರ ನಿಲ್ಲಿಸಿ ಹೋದರು. ಬೋರ್ಡಿನ ಮೇಲೆ ಮಾತ್ರ 'ಕಾಮ್ ಪೂರ್ಣ'.

ಸಿಟ್ಟಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕೆಲಸ ಯಾಕೆ ಅರ್ಧಕ್ಕೇ ನಿಂತಿತು ಅಂತ. ಇದು 'ಮಾಹಿತಿ'ಯಲ್ಲಿ ಬರುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಬೇಜಾರಾಯಿತು, ಆದರೆ ಅವರು ಹೇಳಿದ್ದು ತಪ್ಪಲ್ಲ. 2005ರ ಕಾಯ್ದೆಯಲ್ಲಿ ಫೈಲಿನಲ್ಲಿ ಇರುವುದನ್ನು ಕೇಳಬಹುದು, ಸಮಜಾಯಿಷಿ ಬರೆಸಿಕೊಳ್ಳಲು ಆಗುವುದಿಲ್ಲ.

ಎರಡನೇ ಸಲ ಮೂರೇ ಕಾಗದ ಕೇಳಿದೆ: ವರ್ಕ್ ಆರ್ಡರ್, ಪಾವತಿಯಾದ ಬಿಲ್ಲು, ಅಳತೆ ಪುಸ್ತಕದ ಪುಟಗಳು. ಈ ಪುಸ್ತಕಕ್ಕೆ ಮರಾಠಿಯಲ್ಲಿ 'ಮೋಜಮಾಪ ಪುಸ್ತಕ', ಎಂಜಿನಿಯರುಗಳ ಬಾಯಲ್ಲಿ ಎಂ.ಬಿ. ಆದ ಕೆಲಸವನ್ನು ಅಳೆದು ಬರೆಯುವುದು ಅದರಲ್ಲಿ, ಬಿಲ್ಲು ಆಗುವುದು ಅದರ ಮೇಲೆ. ಮಹಾರಾಷ್ಟ್ರದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯವೂ ಒಂದೇ ಇರಬೇಕು. 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್ ಸಾಕು.

30 ದಿನ ಕಳೆದರೂ ಸುದ್ದಿಯಿಲ್ಲ. 20 ರೂಪಾಯಿ ಸ್ಟ್ಯಾಂಪ್ ಹಚ್ಚಿ ಮೊದಲ ಮೇಲ್ಮನವಿ ಹಾಕಿದ ಮೇಲೆ ಹದಿನೆಂಟು ಪುಟ ಬಂದವು. ಪುಟಕ್ಕೆ 2 ರೂಪಾಯಿ ಕೇಳಿದರು. ಅವಧಿ ಮೀರಿದರೆ ಪುಕ್ಕಟೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ ಅಲ್ವಾ ಅಂದೆ. ಗುಮಾಸ್ತರು ಸುಮ್ನೆ ಕೊಟ್ಟರು.

ಎಂ.ಬಿ.ಯಲ್ಲಿ ಉದ್ದ 210 ಮೀಟರ್. ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಬಾಗಲಕೋಟೆ ಹುಡುಗನ ಜೊತೆ 30 ಮೀಟರಿನ ಟೇಪ್ ಹಿಡಿದು ಹೊರಟೆ. "ವೈನಿ, ಜಗ್ಗಿ ಹಿಡೀರಿ. ಸಡಿಲ ಬಿಟ್ರ ಅವರಿಗೇ ಲಾಭ ಆಗತೈತಿ" ಅಂದ. ಐದು ಸಲ ಟೇಪ್ ಹಾಸಿ, ಮೇಲೆ 14 ಮೀಟರ್. ಒಟ್ಟು 164. ಅಲ್ಲಿಗೆ ಬ್ಲಾಕೂ ಮುಗಿಯಿತು.

ಮೇಲಿನ ಎಂಜಿನಿಯರಿಗೆ ಬರೆದ ಪತ್ರದಲ್ಲಿ ಭ್ರಷ್ಟಾಚಾರ ಎಂಬ ಶಬ್ದವನ್ನೇ ಹಾಕಲಿಲ್ಲ. ಬೈದು ಬರೆದಿದ್ದರೆ ಅದೇ ನೆಪವಾಗಿ ಫೈಲು ಮೂಲೆ ಸೇರುತ್ತಿತ್ತು. ಪುಟದ ನಂಬರ್, ನಮ್ಮ ಅಳತೆ, ಟೇಪಿನ ಫೋಟೋ, ಒಟ್ಟಿಗೆ ಅಳೆಯೋಣ ಬನ್ನಿ ಎಂಬ ಒಂದು ಸಾಲು. ಅಷ್ಟೇ.

ಅಳೆಯಲು ಯಾರೂ ಬರಲಿಲ್ಲ. ಮೂರು ವಾರಕ್ಕೆ ಒಂದು ಟೆಂಪೋ ಬಂದು ಬ್ಲಾಕ್ ಇಳಿಸಿತು. ಉಳಿದ 46 ಮೀಟರ್ ಈಗ ಆಗಿದೆ. ಹಳೆಯದು ಬೂದು, ಹೊಸದು ಕೆಂಪು. ಆಗದ ಕೆಲಸವನ್ನು ಆಗಿದೆ ಅಂತ ಬರೆದದ್ದು ಹೇಗೆ? ಹಾಗೆ ಕೇಳುವಂತಿಲ್ಲವಲ್ಲ. ಆ ಪುಟಕ್ಕೆ ಸಹಿ ಹಾಕಿದವರ ಹೆಸರು, ಹುದ್ದೆ, ತಾರೀಕು ಕೇಳಿ ಹೊಸ ಅರ್ಜಿ ಕೊಟ್ಟಿದ್ದೇನೆ.