ಮೇಳಕ್ಕೆ ಹೊರಟಿರಾ? ಮೊದಲು ನಿಮ್ಮ ಕೂಲಿ ಲೆಕ್ಕ ಹಾಕಿ

ಅಡಿಕೆ ಕೊಯ್ಲು ಮುಗಿದು ಮಳೆಗಾಲ ಹಿಡಿಯುವವರೆಗಿನ ಮೂರ್ನಾಲ್ಕು ತಿಂಗಳು ಮಲೆನಾಡಿನಲ್ಲಿ ಜಾತ್ರೆ, ಮೇಳ, ಉತ್ಸವಗಳ ಕಾಲ. ಮನೆಯಲ್ಲಿ ಚಿತ್ತಾರ ಬರೆಯುವವರು, ಕೌದಿ ಹೊಲಿಯುವವರು, ಟೆರಾಕೋಟಾ ಓಲೆ ಮಾಡುವವರು, ಎಲ್ಲರಿಗೂ ಒಂದು ಆಸೆ: ಈ ಸಲ ನಾವೂ ಒಂದು ಸ್ಟಾಲ್ ಹಾಕಿ ನೋಡೋಣ. ಖಂಡಿತ ಹಾಕಿ. ಆದರೆ ಬಯಲಲ್ಲಿ ಮಾರುವವರು ಬಿಸಿಲು, ಗಾಳಿ, ಅಡ್ಡಮಳೆ, ಚೌಕಾಸಿ ನಾಲ್ಕಕ್ಕೂ ತಯಾರಾಗಿ ಹೋಗಬೇಕು. ಮೊದಲ ಮೂರಕ್ಕೆ ಟಾರ್ಪಾಲು, ಹಗ್ಗ ಇದ್ದರೆ ಆಯಿತು. ನಮ್ಮವರು ಸೋಲುವುದು ನಾಲ್ಕನೆಯದಕ್ಕೆ.

ಯಾವ ಮೇಳಕ್ಕೆ ಹೋಗಬೇಕು?

ಜನ ಜಾಸ್ತಿ ಸೇರುವ ಕಡೆ ವ್ಯಾಪಾರವೂ ಜಾಸ್ತಿ ಅಂದುಕೊಳ್ಳಬೇಡಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದೂ ಶಿರಸಿಯದೂ ಎರಡು ವರ್ಷಕ್ಕೊಮ್ಮೆ. ಕಾಲಿಡಲು ಜಾಗ ಇರುವುದಿಲ್ಲ. ಆದರೆ ಅಲ್ಲಿಗೆ ಬರುವವರು ದೇವಿಗೆ ಉಡಿ ತುಂಬಿ, ಮಕ್ಕಳನ್ನು ತೊಟ್ಟಿಲು ಹತ್ತಿಸಿ, ಬಳೆ, ಬೆಂಡು ಬತ್ತಾಸು ಕಟ್ಟಿಸಿಕೊಂಡು ಹೋಗುವವರು. 800 ರೂಪಾಯಿಯ ಫ್ರೇಮನ್ನು ನೋಡುತ್ತಾರೆ, ಮುಟ್ಟುತ್ತಾರೆ, ಮುಂದೆ ಹೋಗುತ್ತಾರೆ. ಜಾತ್ರೆಗಾದರೆ 150 ರೂಪಾಯಿ ಒಳಗಿನ ಸಾಮಾನು ಒಯ್ಯಿರಿ. ದೊಡ್ಡ ಕೆಲಸಗಳಿಗೆ ಕಲಾಮೇಳ, ಕಾಲೇಜು ಮೈದಾನದ ಉತ್ಸವ, ನಾಟಕೋತ್ಸವದ ಅಂಗಳವೇ ಸರಿ. ಬರುವವರು ಕಡಿಮೆ, ಆದರೆ ನಿಂತು ಕೇಳುತ್ತಾರೆ. ಒಂದೆರಡು ವರ್ಷ ಪಳಗಿದ ಮೇಲೆ ಚಿತ್ರ ಬರೆಯುವವರು ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೂ ಅರ್ಜಿ ಹಾಕಬಹುದು.

ಹಣ ಕಟ್ಟುವ ಮೊದಲು ಆಯೋಜಕರನ್ನು ಕೇಳಿ: ಮೇಲೆ ಶಾಮಿಯಾನ ಇದೆಯಾ, ಬರೀ ನೆಲ ಕೊಡುತ್ತೀರಾ? ಕರೆಂಟು? ರಾತ್ರಿ ಕಾವಲು? ಹೆಂಗಸರಿಗೆ ಶೌಚಾಲಯ ಎಷ್ಟು ದೂರ? ಬಾಡಿಗೆ ನೀವು ಅಂದಾಜು ಮಾಡಿದ ವ್ಯಾಪಾರದ ಹತ್ತರಲ್ಲಿ ಒಂದು ಪಾಲು ದಾಟಿದರೆ ಬೇಡವೇ ಬೇಡ.

ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಜನ ಕ್ಯೂಆರ್ ಕೋಡನ್ನೇ ಕಿತ್ತುಹಾಕಿದ್ದರು. ಹೆದರಬೇಕಿಲ್ಲ. ರಾಜ್ಯದೊಳಗೆ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲಷ್ಟೇ ಜಿಎಸ್‌ಟಿ ನೋಂದಣಿ ಕಡ್ಡಾಯ. ಸರ್ಕಾರಿ ಕರಕುಶಲ ಮೇಳಗಳಲ್ಲಿ ಮಳಿಗೆ ಬೇಕಿದ್ದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಕಾರ್ಡ್ ಮಾಡಿಸಿಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಇಡುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಸೋಪು ಮಾಡುವವರಿಗೆ ಒಂದು ಮಾತು: ಮೈ ಸೋಪು ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ, ಮಾಡಿ ಮಾರಲು ಲೈಸೆನ್ಸ್ ಬೇಕು. ಮನೆಯಲ್ಲೇ ಮಾಡಿದ್ದು ಅಂದರೆ ಕಾನೂನು ಬಿಡುವುದಿಲ್ಲ.

ಬೆಲೆ ಕಟ್ಟುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಹಸೆ ಚಿತ್ತಾರ ಬರೆದ ಒಂದು ಬುಟ್ಟಿ ತೆಗೆದುಕೊಳ್ಳಿ. ಸಾಗರ, ಸೊರಬ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬರೆಯುತ್ತಾರಲ್ಲ, ಅಂಥದ್ದು. ಮೊದಲು ಬುಟ್ಟಿಗೆ ಕೆಮ್ಮಣ್ಣು ಬಳಿಯಬೇಕು, ಅದು ಒಣಗಬೇಕು. ಆಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆ ಎಳೆಯಬೇಕು. ಬಿಳಿ ಗಟ್ಟಿಯಾದರೆ ಎಳೆ ತುಂಡಾಗುತ್ತದೆ, ತೆಳುವಾದರೆ ಹರಿದು ಕೆಂಪಿಗೆ ಇಳಿಯುತ್ತದೆ. ಕೈ ಒಂದೇ ಹದದಲ್ಲಿ ಓಡಬೇಕು, ನಡುವೆ ಯಾರೋ ಕರೆದರು ಅಂತ ಎದ್ದರೆ ಕೆಟ್ಟಿತು. ಹಾಗೆ ನಾಲ್ಕು ಗಂಟೆ ಕೂತಿರಿ ಅಂದುಕೊಳ್ಳೋಣ.

ಈಗ ಲೆಕ್ಕ. ಬಿದಿರಿನ ಬುಟ್ಟಿಗೆ 150 ರೂಪಾಯಿ. ಬಣ್ಣ, ನಾರು 20. ನಿಮ್ಮ ಕೆಲಸಕ್ಕೆ ಗಂಟೆಗೆ 60ರಂತೆ 240. ಸ್ಟಾಲ್ ಬಾಡಿಗೆ, ಲಗೇಜ್ ಆಟೊ, ಊಟ ಸೇರಿ 3,000 ಆಗುತ್ತದೆ, 60 ಸಾಮಾನು ಮಾರುವ ಅಂದಾಜು ಇದೆ ಅಂದರೆ ಒಂದರ ಮೇಲೆ 50. ಮುರಿದದ್ದು, ಮಾಸಿದ್ದು, ಮಾರದೆ ಉಳಿದದ್ದಕ್ಕೆ 40. ಒಟ್ಟು 500. ಇದರಲ್ಲಿ ನಿಮ್ಮ ಕೂಲಿ ಬಿಟ್ಟರೆ ಲಾಭ ಅಂತ ಒಂದು ರೂಪಾಯಿಯೂ ಸೇರಿಲ್ಲ, ನೋಡಿ.

ಸಂಜೆ ಯಾರೋ ಬಂದು 300ಕ್ಕೆ ಕೇಳುತ್ತಾರೆ. ಪಾಪ, ಅಷ್ಟು ಇಷ್ಟಪಟ್ಟಿದ್ದಾರೆ, ಕೊಟ್ಟುಬಿಡೋಣ ಅನಿಸುತ್ತದೆ. ಕೊಟ್ಟರೆ ನಾಲ್ಕು ಗಂಟೆಗೆ ನಿಮಗೆ ಸಿಕ್ಕಿದ್ದು 40 ರೂಪಾಯಿ. ತೋಟಕ್ಕೆ ಬರುವ ಆಳಿಗೆ, ಅಡಿಕೆ ಸುಲಿಯಲು ಬರುವವರಿಗೆ ಪೈಸೆ ಬಿಡದೆ ಲೆಕ್ಕ ಮಾಡಿ ಕೊಡುತ್ತೇವೆ. ನಮ್ಮ ಕೈಗೆ ಮಾತ್ರ 'ಮನೆಯಲ್ಲಿ ಸುಮ್ನೆ ಕೂತಾಗ ಮಾಡಿದ್ದು' ಅಂತ ಬಿಟ್ಟುಬಿಡುತ್ತೇವೆ. ಹೆಂಗಸರು ಮಾಡಿದ ಕೆಲಸದಲ್ಲಂತೂ ಇದು ಜಾಸ್ತಿ. ನನಗೆ ಸಿಟ್ಟು ಬರುವುದೇ ಇಲ್ಲಿ.

ಹಾಗಂತ ಬರೀ 500 ರೂಪಾಯಿಯದೇ ಇಟ್ಟರೂ ನಡೆಯುವುದಿಲ್ಲ. 30ರಿಂದ 100 ರೂಪಾಯಿ ಒಳಗಿನ ಸಣ್ಣ ಸಾಮಾನು ಜಾಸ್ತಿ ಇರಲಿ: ಚಿತ್ತಾರದ ಬುಕ್‌ಮಾರ್ಕ್, ಕೀ ಬಂಚ್, ಲಾವಂಚದ ಸಣ್ಣ ಕಟ್ಟು. ಬಾಡಿಗೆ ಹುಟ್ಟುವುದು ಇದರಲ್ಲೇ. ನಡುವಿನ ಬೆಲೆಯವು ಒಂದಷ್ಟು. 2,000 ರೂಪಾಯಿಯ ಒಂದು ದೊಡ್ಡ ಕೆಲಸ ಹಿಂದೆ ತೂಗುಹಾಕಿ. ಅದು ಮಾರದಿದ್ದರೂ ಪರವಾಗಿಲ್ಲ, ಹೋಗುವವರನ್ನು ನಿಲ್ಲಿಸುತ್ತದೆ. ಪ್ರತಿಯೊಂದಕ್ಕೂ ಬೆಲೆ ಚೀಟಿ ಕಟ್ಟಿ. ಕೇಳಲು ಸಂಕೋಚ ಪಟ್ಟುಕೊಂಡೇ ಎಷ್ಟೋ ಜನ ವಾಪಸ್ ಹೋಗುತ್ತಾರೆ.

ಬಿಸಿಲು, ಗಾಳಿ, ಅಡ್ಡಮಳೆ

ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಬಿಸಿಲು 36 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಾಯಿಯೂ ಬರುವುದಿಲ್ಲ, ವ್ಯಾಪಾರ ಏನಿದ್ದರೂ ಐದರ ಮೇಲೆ. ಹಾಗಾಗಿ ಪಶ್ಚಿಮಕ್ಕೆ ಮುಖ ಮಾಡಿದ ಮಳಿಗೆ ಬೇಡ. ಜನ ಬರುವ ಹೊತ್ತಿಗೇ ಬಿಸಿಲು ನೇರ ಸಾಮಾನಿನ ಮೇಲೆ ಹೊಡೆಯುತ್ತದೆ. ಪೂರ್ವ ಅಥವಾ ಉತ್ತರ ಸಿಕ್ಕರೆ ಒಳ್ಳೆಯದು. ಅರಿಶಿನದ ಬಣ್ಣ ಹಾಕಿದ ಬಟ್ಟೆ ಬಿಸಿಲಿಗೆ ಬಹಳ ಬೇಗ ಮಂಕಾಗುತ್ತದೆ, ಅದನ್ನು ಒಳಗಡೆ ಇಡಿ. ಮೇಣದ ಬತ್ತಿ ಮಾರುವವರು ಡಬ್ಬಿಗಳನ್ನು ಮುಚ್ಚಿದ ಕಾರಿನಲ್ಲಿ ಬಿಡಲೇಬೇಡಿ, ಸಂಜೆಗೆ ಎಲ್ಲ ಸೇರಿ ಒಂದೇ ಮುದ್ದೆ.

ನಾಲ್ಕು ಗಂಟೆಯ ಸುಮಾರಿಗೆ ಮೋಡ ಕಟ್ಟಿ ಗಾಳಿ ಏಳುತ್ತದೆ. ಅಶ್ವಿನಿ, ಭರಣಿ ಮಳೆ ರೈತರಿಗೆ ಖುಷಿ, ಸ್ಟಾಲ್ ಹಾಕಿದವರಿಗೆ ಅಲ್ಲ. ನಿಮ್ಮದೇ ಟೆಂಟ್ ಆದರೆ ನಾಲ್ಕೂ ಕಾಲಿಗೆ ಹತ್ತು ಹತ್ತು ಕೆ.ಜಿ. ಮರಳಿನ ಚೀಲ ಕಟ್ಟಿ. ಇಟ್ಟಿಗೆ ಇಟ್ಟರೆ ಸಾಲದು, ಗಾಳಿ ಟೆಂಟನ್ನು ಎತ್ತುವುದು ಮೇಲಕ್ಕೆ. ಟೆಂಟಿನ ಮಾಡು ಒಂದು ಕಡೆಗೆ ಇಳಿಜಾರಾಗಿರಲಿ. ಸಪಾಟಾಗಿದ್ದರೆ ನೀರು ನಿಂತು, ಭಾರಕ್ಕೆ ಕುಸಿಯುತ್ತದೆ. ಸಾಮಾನು ತುಂಬಿ ತಂದ ಪೆಟ್ಟಿಗೆಗಳು ಮೇಜಿನ ಅಡಿಯಲ್ಲೇ ಇರಲಿ, ಎರಡು ಇಟ್ಟಿಗೆ ಎತ್ತರದಲ್ಲಿ. ಮೊದಲ ಹನಿ ಬಿದ್ದ ಕೂಡಲೇ ಅಕ್ಕಿ ಹಿಟ್ಟಿನ ಚಿತ್ತಾರ ಪೆಟ್ಟಿಗೆಯೊಳಗೆ ಹೋಗಬೇಕು. ನೀರು ತಾಗಿದರೆ ಎಳೆ ಉಳಿಯುವುದಿಲ್ಲ. ಗುಡುಗು ಜೋರಾದರೆ ಕಬ್ಬಿಣದ ಕಂಬ ಹಿಡಿದು ನಿಲ್ಲುವ ಸಾಹಸ ಮಾಡದೆ ಹತ್ತಿರದ ಕಟ್ಟಡಕ್ಕೆ ಹೋಗಿ. ಸಾಮಾನು ಮತ್ತೆ ಮಾಡಬಹುದು.

ಕೆಮ್ಮಣ್ಣಿನ ಮೈದಾನವಾದರೆ ಬೆಳಗ್ಗೆ, ಸಂಜೆ ಮುಂದಿನ ನೆಲಕ್ಕೆ ನೀರು ಚಿಮುಕಿಸಿ. ಬಿಳಿ ಬಟ್ಟೆಗೆ ಕೂತ ಆ ಧೂಳು ಕೊಡವಿದರೆ ಹೋಗುವುದಿಲ್ಲ.

ಮಾತು, ಕಾಸು

ಮೊಬೈಲ್ ನೋಡುತ್ತಾ ಕೂರಬೇಡಿ. ಕೈಯಲ್ಲಿ ಕೆಲಸ ಹಿಡಿದು ಕೂತರೆ ಜನ ತಾವಾಗಿ ನಿಲ್ಲುತ್ತಾರೆ. ನಿಂತವರಿಗೆ ಭಾಷಣ ಬೇಡ, ಒಂದು ಸಂಗತಿ ಸಾಕು. "ಈ ಕಂದು ಬಣ್ಣ ಅಡಿಕೆ ಬೇಯಿಸಿದ ನೀರಿನದು, ಚೊಗರಿನದು" ಅಂದರೆ ತೋಟದವರ ಮುಖ ಅರಳುತ್ತದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘದವರು ಇದೇ ಚೊಗರಿನ ಬಣ್ಣದ ಕೈಮಗ್ಗದ ಬಟ್ಟೆಯನ್ನು ಬೆಂಗಳೂರಿನವರೆಗೆ ಒಯ್ದಿದ್ದಾರೆ.

ಇನ್ನು ಚೌಕಾಸಿ. ಅದು ಹೀಗೆ ಶುರುವಾಗುತ್ತದೆ:

"ಎಂಥ ರೇಟು ಮಾರಾಯ್ತಿ! ಬುಟ್ಟಿಗೆ ಐನೂರಾ?"

"ಬುಟ್ಟಿಗೆ ನೂರೈವತ್ತೇ ಅಕ್ಕ. ಉಳಿದದ್ದು ಬರೆದದ್ದಕ್ಕೆ. ಒಂದು ಮಧ್ಯಾಹ್ನ ಹಿಡಿಯುತ್ತೆ."

"ಕೊನೆಗೆಷ್ಟು ಹೇಳು."

"ಬುಟ್ಟಿ ಅಷ್ಟೇ ಅಕ್ಕ. ತಗೊಂಡರೆ ಈ ಬುಕ್‌ಮಾರ್ಕ್ ನನ್ನ ಕಡೆಯಿಂದ."

ಬೆಲೆ ಇಳಿಸಬೇಡಿ, ಬೇಕಾದರೆ ಸಣ್ಣದೊಂದು ಸೇರಿಸಿ ಕೊಡಿ. ಒಬ್ಬರಿಗೆ ಇಳಿಸಿದ್ದು ಪಕ್ಕದಲ್ಲಿ ನಿಂತವರ ಕಿವಿಗೂ ಬೀಳುತ್ತದೆ, ಆಮೇಲೆ ಇಡೀ ದಿನ ಅದೇ ರೇಟು.

ಚಿಲ್ಲರೆ 10, 20ರ ನೋಟು ಹಿಂದಿನ ದಿನವೇ ಹೊಂದಿಸಿ. ಜಾತ್ರೆಯ ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಎರಡು ಕಂಪನಿಯ ಸಿಮ್ ಇದ್ದರೆ ಕ್ಷೇಮ. ಹಣ ಬಂತೋ ಇಲ್ಲವೋ ನಿಮ್ಮ ಫೋನಿನಲ್ಲೇ ನೋಡಿ, ಅವರು ತೋರಿಸುವ ಹಸಿರು ಟಿಕ್ ನಂಬಬೇಡಿ. ಕಟ್ಟಿಕೊಡಲು ಹಳೇ ಪೇಪರ್, ಬಟ್ಟೆ ಚೀಲ ಇರಲಿ. ಪ್ಲಾಸ್ಟಿಕ್ ಚೀಲ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ನಿದ್ದೆಗೆ ಮೊದಲು ಯಾವುದು ಎಷ್ಟು ಹೋಯಿತು ಅಂತ ಬರೆದಿಡಿ. ಜನ ಕೇಳಿಯೂ ನಿಮ್ಮಲ್ಲಿ ಇಲ್ಲದ್ದನ್ನೂ ಬರೆಯಿರಿ, ಮುಂದಿನ ಸಲಕ್ಕೆ ಬೇಕಾಗುವುದು ಅದೇ. ಮದುವೆ ಮನೆಯವರು ಐವತ್ತು ಬುಟ್ಟಿಗೆ ಆರ್ಡರ್ ಕೊಟ್ಟಿದ್ದರೆ ಅರ್ಧ ಹಣ ಮುಂಗಡ ತೆಗೆದುಕೊಂಡೇ ಬಿದಿರಿಗೆ ಹೇಳಿ. ಟಾರ್ಪಾಲನ್ನು ಒಂದು ಬಿಸಿಲು ಒಣಗಿಸಿ ಮಡಚಿ. ಹಸಿ ಮಡಚಿಟ್ಟರೆ ಜೂನ್ ಹೊತ್ತಿಗೆ ಬೂಸ್ಟು. ಉಳಿದ ಬುಟ್ಟಿ, ಅಡಿಕೆ ಹಾಳೆಯ ಸಾಮಾನು ನೆಲದ ಕೋಣೆಯಲ್ಲಿ ಬೇಡ, ಅಟ್ಟಕ್ಕೆ ಏರಿಸಿ. ಬೆಲೆ ಚೀಟಿ ಬಿಚ್ಚಿಡಿ, ಹಳೇ ರೇಟು ಮುಂದಿನ ವರ್ಷಕ್ಕೆ ಆಗಲ್ಲ.