ಸೂಳೆಕೆರೆಯ ಗಾಳಿಯಲ್ಲಿ ನನ್ನ ಫೋಕ್‌ಬೋಟ್

ಕಳೆದ ಆಷಾಢದ ಒಂದು ಬೆಳಗ್ಗೆ, ಸೂಳೆಕೆರೆಯ ನೀರಿಗೆ ಬಿಟ್ಟ ಹದಿನೈದು ನಿಮಿಷದಲ್ಲೇ ನನ್ನ ದೋಣಿ ಮಗ್ಗುಲಾಯಿತು. ಎರಡು ಹಾಯಿಗಳೂ ಒದ್ದೆ ಪಂಚೆಯಂತೆ ನೀರಿನ ಮೇಲೆ ಹರಡಿಕೊಂಡವು. ಕೈಯಲ್ಲಿದ್ದ ರಿಮೋಟಿನ ಎರಡೂ ಕಡ್ಡಿಗಳನ್ನು ತಿರುಗಿಸಿ ನೋಡಿದೆ, ದೋಣಿ ಏಳಲಿಲ್ಲ. ಬಲೆ ಎತ್ತಲು ಹೊರಟಿದ್ದ ಮೀನುಗಾರರೊಬ್ಬರು ತೆಪ್ಪದಲ್ಲಿ ಹೋಗಿ ಅದನ್ನು ತಂದುಕೊಟ್ಟರು. ಕೊಡುವಾಗ ಕೈಯಲ್ಲೇ ತೂಗಿ ನೋಡಿ, "ಇಷ್ಟು ಭಾರ ಇದೆಯಲ್ಲ ಮೇಷ್ಟ್ರೇ, ಆದರೂ ಬಿತ್ತೇಕೆ?" ಎಂದು ಕೇಳಿದರು. ಮೂವತ್ತು ವರ್ಷ ದಾವಣಗೆರೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ಆ ಪ್ರಶ್ನೆಗೆ ಸರಿಯಾದ ಉತ್ತರ ಹೊಳೆಯಲು ಎರಡು ದಿನ ಬೇಕಾಯಿತು.

ದೋಣಿ ಯಾವುದೆಂದು ಮೊದಲು ಹೇಳಬೇಕು. ಅದು ಫೋಕ್‌ಬೋಟ್ ಎಂಬ ಹಳೆಯ ಹಾಯಿದೋಣಿಯ ಮಾದರಿ. ಅಸಲಿ ದೋಣಿಯ ಎಂಟನೇ ಒಂದು ಪಾಲು. ಸಾಮಾನ್ಯ ಜನರೂ ಕೊಳ್ಳಬಹುದಾದ, ವಾರದ ಕೊನೆಯಲ್ಲಿ ಕುಟುಂಬದೊಡನೆ ಕರಾವಳಿಯುದ್ದಕ್ಕೂ ಸಾಗಬಹುದಾದ ದೋಣಿ ಬೇಕೆಂದು 1940ರ ದಶಕದ ಆರಂಭದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಒಂದು ಸ್ಪರ್ಧೆ ನಡೆಯಿತು. ಯಾವ ನಕ್ಷೆಯೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬಂದವುಗಳಲ್ಲಿ ಒಳ್ಳೆಯ ಅಂಶಗಳನ್ನು ಆಯ್ದು ಒಂದು ಮಾಡುವ ಕೆಲಸ ಸ್ವೀಡನ್ನಿನ ಟೂರ್ಡ್ ಸುಂಡೇನ್ ಅವರಿಗೆ ಬಂತು. ಮೊದಲ ದೋಣಿ 1942ರಲ್ಲಿ ನೀರಿಗಿಳಿಯಿತು. ಉದ್ದ 7.68 ಮೀಟರ್, ನೀರು ಮುಟ್ಟುವ ಗೆರೆಯಲ್ಲಿ 6 ಮೀಟರ್, ಅಗಲ 2.20, ನೀರಿನೊಳಗಿನ ಆಳ 1.20. ತೂಕ 1,930 ಕಿಲೋ, ಹಾಯಿ 24 ಚದರ ಮೀಟರ್. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಡಿಯಲ್ಲಿರುವ ಬೀಡುಕಬ್ಬಿಣದ್ದೇ. 1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಮೊದಲ ಸ್ಪರ್ಧೆಯಲ್ಲಿ ಬ್ಲಾಂಡಿ ಹ್ಯಾಸ್ಲರ್ ಇದೇ ಒಡಲಿನ ಮೇಲೆ ಚೀನೀ ಮಾದರಿಯ ಹಾಯಿ ಏರಿಸಿಕೊಂಡು 48 ದಿನಗಳಲ್ಲಿ ಎರಡನೆಯವರಾಗಿ ದಡ ಸೇರಿದರು. ಕರಾವಳಿಗೆಂದು ಮಾಡಿದ ಪುಟ್ಟ ದೋಣಿ ಸಾಗರ ದಾಟಿದ್ದನ್ನು ಓದಿದ ದಿನವೇ ಇದರ ಒಡಲನ್ನು ನನ್ನ ಕೈಯಿಂದ ಕಟ್ಟಿ ನೋಡಬೇಕೆಂದುಕೊಂಡೆ. ಸಮುದ್ರದಿಂದ ಇಷ್ಟು ದೂರವಿರುವ ನನಗೆ ಇದ್ದ ನೀರು ಚನ್ನಗಿರಿ ತಾಲ್ಲೂಕಿನ ಈ ಕೆರೆ. ಅದೇನೂ ಸಣ್ಣ ನೀರಲ್ಲ.

ಕಟ್ಟುವಾಗ ಆದ ಮೊದಲ ತಪ್ಪು ಕಾಗದದ ಮೇಲಿನದು. ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡು ಬಂದು ಅಡ್ಡ ಚೌಕಟ್ಟುಗಳನ್ನು ಕತ್ತರಿಸಲು ಕುಳಿತಾಗ, 75 ಸೆಂ.ಮೀ. ಇರಬೇಕಾದ ನೀರಿನ ಗೆರೆ 72 ಸೆಂ.ಮೀ. ಇತ್ತು. ಹಾಳೆಗೆ ಹೊಂದಿಸುವ ಭರದಲ್ಲಿ ಕಂಪ್ಯೂಟರು ನಕ್ಷೆಯನ್ನು ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿತ್ತು. ನಾಲ್ಕು ಎಂದರೆ ಅಲ್ಪ ಎನ್ನಿಸಬಹುದು. ಆದರೆ ಉದ್ದ, ಅಗಲ, ಆಳ ಮೂರೂ ಕುಗ್ಗುವುದರಿಂದ ದೋಣಿ ಹೊರಬಲ್ಲ ತೂಕ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಇಳಿಯುತ್ತದೆ. 3.8 ಕಿಲೋ ಹೊರಬೇಕಾದದ್ದು 3.3 ಕಿಲೋಗೇ ಗೆರೆಯವರೆಗೆ ಮುಳುಗುತ್ತದೆ. ಮಾದರಿ ಕಟ್ಟುವವರು ಯಾರೇ ಇರಲಿ, ಕತ್ತರಿ ಹಿಡಿಯುವ ಮೊದಲು ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಬೇಕು.

ಫೋಕ್‌ಬೋಟಿನ ಹಲಗೆಗಳು ಒಂದರ ಅಂಚಿನ ಮೇಲೊಂದು ಕೂರುತ್ತವೆ, ಮಂಗಳೂರು ಹೆಂಚು ಹೊದಿಸಿದ ಹಾಗೆ. ನಾನು ಒಂದೂವರೆ ಮಿ.ಮೀ. ದಪ್ಪದ ಪ್ಲೈವುಡ್ಡನ್ನು ಪಟ್ಟಿಯಾಗಿ ಸೀಳಿ, ಬದಿಗೆ 12ರಂತೆ, 4 ಮಿ.ಮೀ. ಮೇಲೊಂದು ಬರುವಂತೆ ಎಪಾಕ್ಸಿಯಿಂದ ಅಂಟಿಸಿದೆ. ಅಂಟು ಒಣಗುವವರೆಗೆ ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಸಾಕಾದವು. ದಿನಕ್ಕೆ ಬದಿಗೊಂದು ಪಟ್ಟಿ. ಎಡಕ್ಕೊಂದು ಹಾಕಿದ ಮೇಲೆ ಬಲಕ್ಕೊಂದು ಹಾಕಲೇಬೇಕು, ಇಲ್ಲದಿದ್ದರೆ ಒಡಲು ಒಂದು ಕಡೆಗೆ ತಿರುಚಿಕೊಳ್ಳುತ್ತದೆ.

ಹಾಯಿಯ ವಿಷಯದಲ್ಲಿ ನನಗೆ ಗುರುವಾದವರು ನಮ್ಮ ಓಣಿಯ ದರ್ಜಿ. ಕೊಡೆಯ ಬಟ್ಟೆಯಂಥ ತೆಳು ನೈಲಾನನ್ನು ಚಪ್ಪಟೆ ತ್ರಿಕೋನವಾಗಿ ಕತ್ತರಿಸಿ ಅವರ ಮುಂದಿಟ್ಟೆ. ಹಾಯಿಗೆ ನಡುವೆ ಸ್ವಲ್ಪ ಹೊಟ್ಟೆ ಬರಬೇಕು, ಗಾಳಿ ಆ ಉಬ್ಬಿನ ಮೇಲೆ ಬಾಗಿ ಹರಿದಾಗಲೇ ಎಳೆತ ಹುಟ್ಟುತ್ತದೆ ಎಂದು ವಿವರಿಸುತ್ತಿದ್ದೆ. ಅವರು ಅರ್ಧಕ್ಕೇ ತಡೆದು, "ಇದು ರವಿಕೆಯ ಟಕ್ಸ್ ಮೇಷ್ಟ್ರೇ. ಚಪ್ಪಟೆ ಬಟ್ಟೆಗೆ ಉಬ್ಬು ಬೇಕಾದರೆ ಅಂಚಿನಲ್ಲಿ ಚೂರು ಹಿಡಿಯಬೇಕು" ಎಂದರು. ಬಟ್ಟೆಯನ್ನು ನಾಲ್ಕು ಅಡ್ಡಪಟ್ಟಿಗಳಾಗಿ ಸೀಳಿ, ಪ್ರತಿ ಜೋಡಣೆಯ ಎರಡೂ ತುದಿಗಳಲ್ಲಿ ಎರಡೆರಡು ಮಿ.ಮೀ. ಹೆಚ್ಚು ಒಳಗೆ ಹಿಡಿದು ಹೊಲಿದರು. ದಾರದಲ್ಲಿ ತೂಗುಹಾಕಿ ಊದಿದಾಗ ಹಾಯಿ ಅಂಗೈ ಬೊಗಸೆಯಂತೆ ತುಂಬಿಕೊಂಡಿತು. ದೊಡ್ಡ ದೋಣಿಗಳ ಹಾಯಿ ಹೊಲಿಯುವವರು ಮಾಡುವುದೂ ಇದನ್ನೇ.

ಇಷ್ಟೆಲ್ಲ ಸರಿಯಾಗಿದ್ದೂ ದೋಣಿ ಬಿತ್ತು. ಕಾರಣ ಅಳತೆಯ ನಿಷ್ಠೆಯಲ್ಲೇ ಇತ್ತು. ಎಲ್ಲವನ್ನೂ ಎಂಟನೇ ಒಂದಕ್ಕೆ ಇಳಿಸಿದಾಗ ಹಾಯಿಯ ವಿಸ್ತೀರ್ಣ 64 ಪಟ್ಟು ಇಳಿಯುತ್ತದೆ, ಗಾಳಿ ಒತ್ತುವ ಎತ್ತರ 8 ಪಟ್ಟು. ಹಾಗಾಗಿ ದೋಣಿಯನ್ನು ಕೆಡವುವ ಬಲ 512 ಪಟ್ಟು ಕಡಿಮೆಯಾಗುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸುವುದು ಅಡಿಯ ಭಾರ. ಆ ಭಾರ 512 ಪಟ್ಟು, ಅದು ಎಳೆಯುವ ಸನ್ನೆಯ ಉದ್ದ 8 ಪಟ್ಟು ಇಳಿದು, ನಿಲ್ಲಿಸುವ ಬಲ 4,096 ಪಟ್ಟು ಕಡಿಮೆಯಾಗುತ್ತದೆ. ಅಂದರೆ ಒಂದೇ ಗಾಳಿಯಲ್ಲಿ ನನ್ನ ಮಾದರಿ ಅಸಲಿಗಿಂತ ಎಂಟು ಪಟ್ಟು ದುರ್ಬಲ. ಆ ದಿನ ಕೈಯಲ್ಲಿದ್ದ ಗಾಳಿಮಾಪಕ ಗಂಟೆಗೆ 14 ಕಿ.ಮೀ. ತೋರಿಸುತ್ತಿತ್ತು. ಮಾದರಿಯ ಮಟ್ಟಿಗೆ ಅದು ಸುಮಾರು 40 ಕಿ.ಮೀ. ಗಾಳಿ. ಸೂಳೆಕೆರೆಯ ಏರಿಯನ್ನು ಎರಡು ಗುಡ್ಡಗಳ ನಡುವೆ ಕಟ್ಟಿದ್ದಾರೆ. ಗುಡ್ಡದ ಹತ್ತಿರ ಗಾಳಿ ಒಂದೇ ಸಮನೆ ಬೀಸದೆ ತಡೆತಡೆದು ನುಗ್ಗುತ್ತದೆ. ಅಂಥ ಒಂದು ಹೊಡೆತಕ್ಕೆ ದೋಣಿ ಮಲಗಿತು, ಕ್ಯಾಬಿನ್ನಿನ ಸಡಿಲ ಮುಚ್ಚಳದಿಂದ ನೀರು ಒಳಹೊಕ್ಕಿತು, ಮತ್ತೆ ಏಳಲಿಲ್ಲ.

ಇನ್ನೂ ಸೀಸ ತುಂಬಿದರೆ ದೋಣಿ ಗೆರೆಗಿಂತ ಕೆಳಗೆ ಕೂರುತ್ತದೆ. ಆದ್ದರಿಂದ ತೂಕವನ್ನು ಅಷ್ಟೇ ಇಟ್ಟು ಅದರ ಜಾಗ ಬದಲಿಸಿದೆ. ಒಡಲೊಳಗಿದ್ದ ಎರಡು ಕಿಲೋ ಸೀಸದಲ್ಲಿ ಒಂದೂಕಾಲು ಕಿಲೋ ತೆಗೆದು ಬಾಳೆಕಾಯಿ ಆಕಾರದ ಗುಂಡಾಗಿಸಿ, ಎರಡು ಸಣ್ಣ ಸ್ಟೀಲ್ ಸರಳುಗಳ ತುದಿಗೆ, ಅಡಿಗಿಂತ 18 ಸೆಂ.ಮೀ. ಕೆಳಗೆ ಕಟ್ಟಿದೆ. ಸರಳುಗಳನ್ನು ಬಿಚ್ಚಿ ಹಾಕಬಹುದು. ಇದು ಕುಡಿಯುವ ನೀರಿನ ಕೆರೆ, ಚಿತ್ರದುರ್ಗದವರೆಗೆ ಇದರ ನೀರು ಹೋಗುತ್ತದೆ. ಆದ್ದರಿಂದ ಗುಂಡಿಗೆ ಮೂರು ಸಲ ಎಪಾಕ್ಸಿ ಬಳಿದು ಸೀಸ ಎಲ್ಲಿಯೂ ನೀರಿಗೆ ತಾಗದಂತೆ ಮಾಡಿದ ಮೇಲೆಯೇ ಕೆರೆಗೆ ಹೋದೆ.

ಆಮೇಲೆ ಆ ಹಳೆಯ ವಿನ್ಯಾಸದ ಗುಣ ಕಾಣತೊಡಗಿತು. ಮೊದಲು ನನ್ನ ಬಳಿ ಇದ್ದ ಹಗುರ ದೋಣಿಗೆ ಚಪ್ಪಟೆ ಹೊಟ್ಟೆ, ನಡುವೆ ಕತ್ತಿಯಂಥ ಕಿರಿದಾದ ಕೀಲ್, ಅಂದರೆ ಅಡಿಯಿಂದ ನೀರಿನೊಳಕ್ಕೆ ಇಳಿಯುವ ಅಲಗು, ಇತ್ತು. ಚುಕ್ಕಾಣಿಯನ್ನು ಬಿಟ್ಟರೆ ಐದಾರು ಹೆಜ್ಜೆಗಳಲ್ಲೇ ಅದು ದಿಕ್ಕು ತಪ್ಪುತ್ತಿತ್ತು. ಫೋಕ್‌ಬೋಟಿನ ಕೀಲ್ ಒಡಲಿನೊಡನೆ ಬೆಸೆದುಕೊಂಡು ಹಿಂದಕ್ಕೆ ಉದ್ದವಾಗಿ ಸಾಗಿ ಚುಕ್ಕಾಣಿಯಲ್ಲಿ ಮುಗಿಯುತ್ತದೆ. ಕಡ್ಡಿಯಿಂದ ಕೈ ತೆಗೆದು ದಡದಲ್ಲಿ ಜೊತೆಗೇ ನಡೆದೆ. ನಲವತ್ತು ಹೆಜ್ಜೆಯವರೆಗೆ ಅದು ಹಿಡಿದ ದಾರಿ ಬಿಡಲಿಲ್ಲ. ಮೀನುಗಾರರಿಗೆ ಇದನ್ನು ತೋರಿಸಿ, ತೆಪ್ಪಕ್ಕೆ ಕೀಲ್ ಇಲ್ಲದ್ದರಿಂದ ಗಾಳಿ ತಳ್ಳಿದತ್ತ ಜಾರುತ್ತದೆ, ಇದಕ್ಕೆ ನೀರಿನೊಳಗೆ ಗೋಡೆಯಿದೆ, ಅಡ್ಡ ಜಾರಲಾರದೆ ಮುಂದೆ ಸಾಗುತ್ತದೆ ಎಂದೆ. ಅವರು ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಇಳಿಸಿ ತೆಪ್ಪ ತಿರುಗುವುದನ್ನು ತಡೆದು ತೋರಿಸಿದರು. ನನ್ನ ಮಾತಿಗಿಂತ ಅದು ಸ್ಪಷ್ಟವಾಗಿತ್ತು.

ವೇಗ ಅಳೆಯಲು ದಡದಲ್ಲಿ 30 ಮೀಟರ್ ಅಂತರಕ್ಕೆ ಎರಡು ಕೋಲು ನೆಟ್ಟೆ. ಇಂಥ ಭಾರದ ಒಡಲು ತಾನೆಬ್ಬಿಸಿದ ಅಲೆಯನ್ನು ದಾಟಿ ಓಡಲಾರದು. ಮೂತಿಯಲ್ಲೊಂದು ಅಲೆ, ಬಾಲದಲ್ಲೊಂದು ಅಲೆ ನಿಂತಾಗ ಅದರ ಮಿತಿ ಬಂತು. ನೀರಿನ ಗೆರೆಯ ಉದ್ದವೇ ಆ ಮಿತಿಯನ್ನು ನಿರ್ಧರಿಸುತ್ತದೆ: ಅಸಲಿ ದೋಣಿಗೆ ಗಂಟೆಗೆ ಸುಮಾರು 11 ಕಿ.ಮೀ., ನನ್ನದಕ್ಕೆ 4 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಒಳ್ಳೆಯ ಗಾಳಿಯಲ್ಲಿ 29 ಸೆಕೆಂಡು ಬಂತು. ಗಾಳಿ ಇನ್ನೂ ಜೋರಾದಾಗಲೂ 29. ಹೆಚ್ಚಾದ ಗಾಳಿಯೆಲ್ಲ ದೋಣಿಯನ್ನು ವಾಲಿಸಲು, ಮೂತಿಯನ್ನು ಗಾಳಿಯತ್ತ ತಿರುಗಿಸಲು ವ್ಯಯವಾಗುತ್ತಿತ್ತು. ಅದನ್ನು ತಡೆಯಲು ಚುಕ್ಕಾಣಿಯನ್ನು ಅಡ್ಡ ಹಿಡಿದರೆ ಅದೇ ಒಂದು ಬ್ರೇಕು. ದೊಡ್ಡ ಹಾಯಿಯನ್ನು ಕೆಳಗಿನಿಂದ ನಾಲ್ಕು ಬೆರಳಿನಷ್ಟು ಮಡಚಿ ಕಟ್ಟಿದೆ. ಹಾಯಿ ಕಡಿಮೆಯಾದರೂ ಸಮಯ ಅದೇ 29 ಸೆಕೆಂಡು, ದೋಣಿ ಮಾತ್ರ ನೆಟ್ಟಗಾಯಿತು. ಹಳೆಯ ದೋಣಿಗಳನ್ನು ನಿಧಾನ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತನ್ನ ಮಿತಿಯವರೆಗಿನ ವೇಗವನ್ನು ಅದು ಸುಲಭವಾಗಿ ಮುಟ್ಟುತ್ತದೆ, ಕೆಟ್ಟ ಗಾಳಿಯಲ್ಲೂ ಬಿಟ್ಟುಕೊಡುವುದಿಲ್ಲ.

ತಿರುವಿನಲ್ಲಿ ಮಾತ್ರ ತಾಳ್ಮೆ ಬೇಕು. ಗಾಳಿಗೆ ಎದುರಾಗಿ ಹೋಗಲು ಹಾವಿನಂತೆ ಓರೆಓರೆಯಾಗಿ ಸಾಗಬೇಕಷ್ಟೆ. ಪ್ರತಿ ತಿರುವಿನಲ್ಲೂ ಮೂತಿ ಗಾಳಿಯನ್ನು ಹಾಯಬೇಕು. ಹಗುರ ದೋಣಿ ತನ್ನ ಉದ್ದದ ಒಂದೂವರೆಯಷ್ಟು ಜಾಗದಲ್ಲಿ ತಿರುಗುತ್ತಿತ್ತು, ಇದಕ್ಕೆ ನಾಲ್ಕರಷ್ಟು ಬೇಕು. ಮೊದಮೊದಲು ಅರ್ಧ ತಿರುಗಿ, ಹಾಯಿ ಪಟಪಟನೆ ಬಡಿಯುತ್ತ, ಎದುರುಗಾಳಿಯಲ್ಲಿ ಸಿಕ್ಕಿ ನಿಂತುಬಿಡುತ್ತಿತ್ತು. ಚುಕ್ಕಾಣಿಯನ್ನು ಒಮ್ಮೆಲೇ ಪೂರ್ತಿ ತಿರುಗಿಸುತ್ತಿದ್ದದ್ದೇ ನನ್ನ ತಪ್ಪು. ಮೊದಲು ವೇಗ ಕೂಡಿಸಿಕೊಂಡು, ನಿಧಾನವಾಗಿ ತಿರುಗಿಸುತ್ತ, ಮುಂದಿನ ಹಾಯಿಯನ್ನು ಅರೆಗಳಿಗೆ ಹಳೆಯ ಬದಿಯಲ್ಲೇ ಹಿಡಿದರೆ ಗಾಳಿಯೇ ಮೂತಿಯನ್ನು ಆಚೆಗೆ ತಳ್ಳಿಕೊಡುತ್ತದೆ. ಇದಕ್ಕಾಗಿ ಮುಂದಿನ ಹಾಯಿಗೆ ಮೂರನೆಯ ಚಿಕ್ಕ ಮೋಟಾರು ಜೋಡಿಸಿದ್ದೇನೆ.

ಸರಳು ಕಟ್ಟಿದ ಮೇಲೆ ಇದು ಅಸಲಿ ವಿನ್ಯಾಸದ ಯಥಾರೂಪವಲ್ಲ ಎಂಬುದು ನನ್ನ ಮನಸ್ಸಿನಲ್ಲಿದೆ. ಈ ಕಾರ್ತಿಕದಲ್ಲಿ ಗಾಳಿ ತಗ್ಗಿದಾಗ ಗುಂಡನ್ನು 18ರಿಂದ 12 ಸೆಂ.ಮೀ.ಗೆ, ಆಮೇಲೆ 6ಕ್ಕೆ ಏರಿಸಿ ಅದೇ ಕೋಲುಗಳ ನಡುವೆ ಓಡಿಸಬೇಕು. ತೆಪ್ಪದೊಡನೆ ಹತ್ತಿರದಲ್ಲೇ ಇರುತ್ತೇನೆಂದು ಮೀನುಗಾರರು ಹೇಳಿದ್ದಾರೆ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಹಾಕಿಯಾಗಿದೆ.