ಮೊದಲು ಓದು, ಆಮೇಲೆ ದಾಖಲಾತಿ

ನಾನು ಚಿತ್ರದುರ್ಗ ಜಿಲ್ಲೆಯ ಸಣ್ಣ ಊರೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮುಖ್ಯಶಿಕ್ಷಕಿಯಾಗಿ ಬಂದಾಗ ಒಂದರಿಂದ ಐದನೇ ತರಗತಿವರೆಗೆ ಇದ್ದದ್ದು 34 ಮಕ್ಕಳು. ದಿನಾ ಬೆಳಿಗ್ಗೆ ನಮ್ಮ ಗೇಟಿನ ಎದುರೇ ಖಾಸಗಿ ಶಾಲೆಯ ವ್ಯಾನ್ ನಿಲ್ಲುತ್ತಿತ್ತು. ನಮ್ಮ ಬೀದಿಯ ಮಕ್ಕಳೇ ಹತ್ತಿಕೊಂಡು ಹೋಗುತ್ತಿದ್ದರು. ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು.

ಮೊದಲ ವರ್ಷ ಎಲ್ಲರಂತೆ ನಾವೂ ಜಾಥಾ ಮಾಡಿದೆವು, ಕರಪತ್ರ ಹಂಚಿದೆವು. ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ ಎಂದು ಮನೆಮನೆಗೆ ಹೇಳಿದೆವು. ಸೇರಿದ್ದು ಮೂರೇ ಮಕ್ಕಳು. ಹಮಾಲಿ ಮಾಡುವ ಒಬ್ಬರು ನೇರವಾಗಿ ಕೇಳಿದರು: "ಊಟ ನಾನೇ ಹಾಕ್ತೀನಿ ಮೇಡಂ. ನಮ್ಮಣ್ಣನ ಮಗ ನಿಮ್ಮಲ್ಲೇ ನಾಲ್ಕನೇ ಕ್ಲಾಸು. ಬಸ್ಸಿನ ಬೋರ್ಡ್ ಓದಕ್ಕೆ ಬರಲ್ವಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ನಾಲ್ಕು, ಐದನೇ ತರಗತಿಯ 13 ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಎರಡನೇ ತರಗತಿಯ ಪಾಠ ಓದಿಸಿದೆ. ಐದು ಮಕ್ಕಳು ಓದಿದರು. ಉಳಿದವರು ಒತ್ತಕ್ಷರ ಬಂದ ಕಡೆ ನಿಂತುಬಿಟ್ಟರು. 'ಕಮಲ' ಎಂದು ಸಲೀಸಾಗಿ ಓದಿದ ಹುಡುಗಿಯೊಬ್ಬಳು 'ಪುಸ್ತಕ' ಬಂದಾಗ ಕೆಳಗಿನ ಒತ್ತನ್ನು ಬೆರಳಿಂದ ಮುಚ್ಚಿ 'ಪುಸಕ' ಎಂದಳು. ಮೂರು ವರ್ಷ ಆ ಬೆರಳನ್ನು ಯಾರೂ ಗಮನಿಸಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಸಹೋದ್ಯೋಗಿ ಒಂದರಿಂದ ಮೂರರ ನಲಿಕಲಿ, ಅಂದರೆ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ತರಗತಿ, ನೋಡಿಕೊಂಡರು. ನಾಲ್ಕು, ಐದು ನನಗೆ. ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು. ಅದನ್ನೆಲ್ಲ ಸಂಜೆಗೆ ತಳ್ಳಿದೆ. ಪ್ರಾರ್ಥನೆ ಮುಗಿದ ಮೇಲೆ ಒಂದು ಗಂಟೆ ಬರೀ ಓದು. ಯಾವ ತರಗತಿ ಎಂದು ನೋಡದೆ, ಮಗು ಎಲ್ಲಿ ತಡವರಿಸುತ್ತದೋ ಅದರ ಮೇಲೆ ಗುಂಪು ಮಾಡಿದೆ. ಒತ್ತಕ್ಷರಕ್ಕೆ ಮದುವೆ ಕಾರ್ಡು, ಬಿಸ್ಕತ್ ಪೊಟ್ಟಣ, ಅಂಗಡಿ ಬೋರ್ಡು ಬಳಸಿದೆ. ಸರಿಹೋಗಲು ಒಂದು ವರ್ಷವೇ ಬೇಕಾಯಿತು.

ಶನಿವಾರ ಕಥೆ ಪುಸ್ತಕ ಮನೆಗೆ ಕೊಟ್ಟು, ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿ ಎಂದೆ. ಜಗಲಿ ಮೇಲೆ ಓದಿದ್ದು ಪಕ್ಕದ ಮನೆಗೂ ಕೇಳುತ್ತದೆ ಅಲ್ವಾ? ಮುಂದಿನ ಜೂನ್‌ನಲ್ಲಿ ಜಾಥಾ ಇಲ್ಲದೆಯೇ 11 ಮಕ್ಕಳು ಸೇರಿದರು. ಇಂಗ್ಲಿಷ್ ಬೇಕು ಎನ್ನುವವರು ಜಾಸ್ತಿಯೇ ಇದ್ದಾರೆ, ಅದು ತಪ್ಪೂ ಅಲ್ಲ. ಆದರೆ ಕನ್ನಡ ಸರಾಗವಾಗಿ ಓದುವ ಮಗು ಇಂಗ್ಲಿಷಿಗೆ ಹೆದರುವುದಿಲ್ಲ. ಇದನ್ನು ನಾನು ದಿನಾ ನೋಡುತ್ತಿದ್ದೇನೆ.

ಈಗ 57 ಮಕ್ಕಳಿದ್ದಾರೆ. 61 ಆದರೆ ಮೂರನೇ ಶಿಕ್ಷಕರನ್ನು ಕೇಳಬಹುದು. ಹಿಂದಿನ ಬೀದಿಯಲ್ಲಿ ನಾಲ್ಕು ಮನೆ ನೋಡಿಟ್ಟಿದ್ದೇನೆ. ಭಾನುವಾರ ಹೋಗುತ್ತೇನೆ. ಬೆರಳಿಂದ ಒತ್ತು ಮುಚ್ಚುತ್ತಿದ್ದ ಹುಡುಗಿಯೂ ಜೊತೆಗೆ ಬರುತ್ತಾಳೆ.